ಹಾರ್ನ್ ಕೇಳಿದರೆ ಕೈ ತಾನಾಗಿ ಬ್ರೇಕ್ ಹಿಡಿಯುತ್ತದೆ

ಪ್ರಶ್ನೆ: ವಿಜಯಪುರ ಜಿಲ್ಲೆಯವಳು, 20 ವರ್ಷ, ರೋಡ್ ಸೈಕ್ಲಿಸ್ಟ್. ಏಳು ತಿಂಗಳ ಹಿಂದೆ ಹೈವೇಯಲ್ಲಿ ಪ್ರಾಕ್ಟೀಸ್ ಮಾಡುವಾಗ ಲಾರಿ ತಾಗಿ ಬಿದ್ದೆ. ಹೆಗಲ ಮೂಳೆ ಕೂಡಿದೆ, ಡಾಕ್ಟರ್ ಸೈಕಲ್ ಓಡಿಸಬಹುದು ಅಂದಿದ್ದಾರೆ. ಆದರೆ ಹಾರ್ನ್ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ರಾತ್ರಿ ಅದೇ ಕನಸು. ‘ಒಮ್ಮೆ ಹೈವೇಗೆ ಇಳಿ, ಹೆದರಿಕೆ ಹೋಗುತ್ತೆ’ ಅನ್ನುತ್ತಾರೆ ಕೋಚ್. ಎರಡು ತಿಂಗಳಲ್ಲಿ ಸೆಲೆಕ್ಷನ್. ಹೋಗಲೋ, ಸೈಕಲ್ಲೇ ಬಿಡಲೋ?

ಉತ್ತರ: ಸದ್ಯಕ್ಕೆ ಎರಡೂ ಬೇಡ.

ನೀವು ಪುಕ್ಕಲಿ ಅಲ್ಲ. ಪುಕ್ಕಲಿಯಾದವಳು ಆ ರಸ್ತೆಯಲ್ಲಿ ಲಾರಿಗಳ ಪಕ್ಕ ವರ್ಷಗಟ್ಟಲೆ ಪೆಡಲ್ ತುಳಿಯುತ್ತಿರಲಿಲ್ಲ. ಅವತ್ತಿನ ಸದ್ದು ಮತ್ತು ನೋವು ನಿಮ್ಮ ಮಿದುಳಿನಲ್ಲಿ ಒಂದಕ್ಕೊಂದು ಗಂಟು ಬಿದ್ದಿವೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಹೆದರಿಕೆ, ಅಲ್ವಾ? ಗಂಟನ್ನು ಬಿಡಿಸಬೇಕು, ಎಳೆದರೆ ಇನ್ನೂ ಬಿಗಿಯಾಗುತ್ತದೆ. ನಿಮ್ಮ ಕೋಚ್ ಹೇಳುತ್ತಿರುವುದು ಎಳೆಯುವ ದಾರಿ. ಹಾಗಂತ ಸೈಕಲ್ ಮುಟ್ಟದೇ ಕೂತರೂ ಹೆದರಿಕೆ ಬೆಳೆಯುತ್ತದೆ, ಅಷ್ಟರಮಟ್ಟಿಗೆ ಅವರ ಮಾತು ಸರಿ.

ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ನೆನಪಿದೆಯಾ? 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಆಡುವಾಗ ಗಾಳಿಯಲ್ಲಿ ತಿರುಗುವ ಹೊತ್ತಿಗೆ ಮೈ ಎಲ್ಲಿದೆ ಅನ್ನುವುದೇ ತಿಳಿಯದಾಯಿತು. ಒಂದು ವಾಲ್ಟ್ (ಓಡಿ ಬಂದು ಮೇಜಿನ ಮೇಲಿಂದ ಹಾರುವ ಜಿಗಿತ) ಮಾಡಿ ತಂಡದ ಫೈನಲ್‌ನಿಂದ ಹಿಂದೆ ಸರಿದಳು. ಜನ ಬೈದರು. ನನಗೆ ಇಷ್ಟವಾಗುವುದು ಅದಾದ ಒಂದು ವಾರದ ಮೇಲೆ ನಡೆದದ್ದು. ಬೀಮ್ (ಕಿರಿದಾದ ತೊಲೆಯ ಮೇಲಿನ ಸ್ಪರ್ಧೆ) ಫೈನಲ್‌ಗೆ ಬಂದಳು, ಆದರೆ ಕೊನೆಯ ಜಿಗಿತದಲ್ಲಿ ಮೈ ತಿರುಚುವ ಭಾಗ ತೆಗೆದುಹಾಕಿದ್ದಳು. ಕಂಚು ಗೆದ್ದಳು. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ. ಅಲ್ಲೂ ತಂಡದ ಫೈನಲ್ ದಿನ ಬೆಳಿಗ್ಗೆ ಥೆರಪಿ ಮುಗಿಸಿಯೇ ಬಂದಿದ್ದಳು.

ನಿಮಗೆ ಆ ತಿರುಚುವ ಭಾಗ ಅಂದರೆ ಹೈವೇ. ಅದನ್ನು ಬಿಟ್ಟು ಉಳಿದದ್ದು ಮಾಡಿ. ಮೊದಲು ಮನೆಯಲ್ಲೇ ರೋಲರ್ ಮೇಲೆ, ಅಂದರೆ ಸೈಕಲ್ಲನ್ನು ನಿಂತಲ್ಲೇ ಓಡಿಸುವ ಸಾಧನದ ಮೇಲೆ. ಆಮೇಲೆ ಬೆಳ್ಳಂಬೆಳಿಗ್ಗೆ ಊರೊಳಗಿನ ಖಾಲಿ ರಸ್ತೆ, ಜೊತೆಗೆ ಒಬ್ಬ ಗೆಳತಿ. ಎದೆ ಹೊಡೆದುಕೊಂಡರೆ ನಿಲ್ಲಿ, ಉಸಿರನ್ನು ನಿಧಾನ ಹೊರಗೆ ಬಿಡಿ, ಕಡಿಮೆಯಾದ ಮೇಲೆ ಹೊರಡಿ. ಲಾರಿ ಓಡಾಡುವ ರಸ್ತೆ ಯಾವಾಗ ಅನ್ನುವುದನ್ನು ಮಾತ್ರ ಒಬ್ಬರೇ ತೀರ್ಮಾನಿಸಬೇಡಿ. ಇಂಥ ಕನಸು, ನಡುಕ ಒಂದು ತಿಂಗಳು ದಾಟಿದರೇ ಮನೋವೈದ್ಯರನ್ನು ಕಾಣಬೇಕು. ನಿಮಗೆ ಏಳು ತಿಂಗಳು ಆಗಿದೆ. ಜಿಲ್ಲಾ ಆಸ್ಪತ್ರೆಗೆ ಹೋಗಿ. ಅದಕ್ಕೆ ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈ ಸಲದ ಸೆಲೆಕ್ಷನ್ ತಪ್ಪಿದರೆ ಬೇಜಾರಾಗುತ್ತದೆ, ಸುಮ್ನೆ ಸಮಾಧಾನ ಹೇಳುವುದಿಲ್ಲ. ಆದರೆ ನಡುಗುವ ಕೈಯಲ್ಲಿ ಹ್ಯಾಂಡಲ್ ಹಿಡಿದು ಗುಂಪಿನೊಳಗೆ ನುಗ್ಗಿದರೆ ನಿಮ್ಮ ಜೊತೆ ಇನ್ನಿಬ್ಬರು ಬೀಳಬಹುದು. ಕೋಚ್‌ಗೆ ಬಾಯಲ್ಲಿ ಹೇಳಲು ಕಷ್ಟವಾದರೆ ಈ ಪುಟವನ್ನೇ ಅವರ ಮುಂದೆ ಇಡಿ.