ಪಿಯುಸಿ ಆದ ಮೇಲೆ ನೇರವಾಗಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದಬಹುದಾ? ಬಿಇ ಸಿವಿಲ್ ಮಾಡಲೇಬೇಕಾ?

ನಿಮ್ಮ ಪ್ರಶ್ನೆ ಹೀಗಿದೆ: ಊರು ಕುಂದಾಪುರದ ಹತ್ತಿರ, ಈಗ ಸೆಕೆಂಡ್ ಪಿಯುಸಿ ಪಿಸಿಎಂಸಿ, ತಂದೆ ಮನೆ ಕಟ್ಟಿಸಿಕೊಡುವ ಸಣ್ಣ ಕಂಟ್ರಾಕ್ಟರ್. ಡಿಸೈನ್ ಲೆಕ್ಕ ಬೇಸರ, ಸೈಟ್ ನಡೆಸುವುದು ಇಷ್ಟ. ಸಿವಿಲ್ ಬಿಟ್ಟು ನೇರವಾಗಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಡಿಗ್ರಿ ಮಾಡಬಹುದಾ, ಮುಂದೆ ಗಲ್ಫ್‌ಗೆ ಹೋಗಲು ಏನು ಬೇಕು, ಬಿಕಾಂ ಮಾಡಿದ ಅಕ್ಕನಿಗೂ ಇದರಲ್ಲಿ ದಾರಿ ಉಂಟಾ ಅಂತ ಕೇಳಿದ್ದೀರಿ.

ನಾನು ಮಂಗಳೂರಿನಲ್ಲಿ ಪ್ಲಾನಿಂಗ್ ಎಂಜಿನಿಯರ್. ಹೆಚ್ಚಾಗಿ ಅಪಾರ್ಟ್‌ಮೆಂಟ್ ಕೆಲಸ. ಅದಕ್ಕೆ ಮೊದಲು ಕೆಲವು ವರ್ಷ ಗಲ್ಫ್‌ನಲ್ಲಿದ್ದೆ. ಬಿಇ ಸಿವಿಲ್ ಮಾಡಿ, ಸ್ವಲ್ಪ ಕಾಲ ಸೈಟ್‌ನಲ್ಲಿ ನಿಂತು, ಆಮೇಲೆ ಎಂ.ಟೆಕ್ ಮಾಡಿದವನು. ಹಾಗಾಗಿ ನನ್ನ ಉತ್ತರ ಸ್ವಲ್ಪ ಸಿವಿಲ್ ಕಡೆಗೇ ವಾಲುತ್ತದೆ. ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಓದಿ.

ನೇರ ಉತ್ತರ: ನಮ್ಮಲ್ಲಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಅನ್ನುವುದು ಬಹುಪಾಲು ಎರಡನೇ ಡಿಗ್ರಿ. ಮೊದಲ ಡಿಗ್ರಿ ಸಿವಿಲ್ ಆಗಿರಲಿ. ಆರ್ಕಿಟೆಕ್ಚರ್ ಆದರೂ ನಡೆಯುತ್ತದೆ, ಆದರೆ ಅದಕ್ಕೆ ಐದು ವರ್ಷ, ಪ್ರವೇಶ ಪರೀಕ್ಷೆಯೂ ಬೇರೆ.

ಪಿಯುಸಿ ಆದ ಕೂಡಲೇ ಇದನ್ನೇ ಓದಿಸುವ ಕಡೆಗಳು ಇಲ್ಲವೇ ಇಲ್ಲ ಅಂತಲ್ಲ. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಕನ್‌ಸ್ಟ್ರಕ್ಷನ್ ಎಂಜಿನಿಯರಿಂಗ್ ಅಂತಲೇ ಬಿಇ ಇದೆ. ಆಸ್ಟ್ರೇಲಿಯಾ, ಅಮೆರಿಕದಲ್ಲಂತೂ ಇದು ಮಾಮೂಲಿ ಬ್ಯಾಚುಲರ್ ಡಿಗ್ರಿ. ಅಮೆರಿಕದಲ್ಲಿ ನಾಲ್ಕು ವರ್ಷ, ಹೆಚ್ಚುಕಡಿಮೆ 120 ಕ್ರೆಡಿಟ್. ಗಣಿತ, ಫಿಸಿಕ್ಸ್ ಜೊತೆಗೆ ಅಕೌಂಟಿಂಗ್, ಎಸ್ಟಿಮೇಶನ್, ಶೆಡ್ಯೂಲಿಂಗ್, ಕಾಂಟ್ರಾಕ್ಟ್ ಕಾನೂನು, ಸೇಫ್ಟಿ, ಮೇಲೆ ಇಂಟರ್ನ್‌ಶಿಪ್. ಅಲ್ಲೇ ಓದಿ ಅಲ್ಲೇ ಕೆಲಸ ಮಾಡುವವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಆ ಡಿಗ್ರಿ ಹಿಡಿದು ಊರಿಗೆ ಬಂದರೆ ಇಲ್ಲಿ ಕೇಳುವುದು 'ಸಿವಿಲ್ ಅಲ್ವಾ?' ಅಂತಲೇ. ಪಿಡಬ್ಲ್ಯುಡಿಯ ಅಸಿಸ್ಟೆಂಟ್ ಎಂಜಿನಿಯರ್ ಹುದ್ದೆಗೆ ಸಿವಿಲ್ ಡಿಗ್ರಿ ಬೇಕು. ಎಂ.ಟೆಕ್‌ಗೂ ಹೆಚ್ಚಿನ ಕಡೆ ಅದೇ. ಹದಿನೆಂಟನೇ ವಯಸ್ಸಿಗೆ ಇಷ್ಟೊಂದು ಬಾಗಿಲು ಸುಮ್ನೆ ಯಾಕೆ ಮುಚ್ಚಿಕೊಳ್ಳಬೇಕು?

ಇನ್ನು ಆ 'ಡಿಸೈನ್ ಲೆಕ್ಕ ಬೇಸರ' ಅನ್ನುವ ಮಾತು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಈ ಪ್ರಶ್ನೆ ಕೇಳುವ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಇದೇ. ಮ್ಯಾನೇಜ್‌ಮೆಂಟ್ ಅಂದರೆ ಜನರನ್ನು ಕೆಲಸಕ್ಕೆ ಹಚ್ಚುವುದು, ಮಾತಾಡಿಸುವುದು, ಮೆಟೀರಿಯಲ್ ತರಿಸುವುದು ಅಂತ ಅಂದುಕೊಂಡಿರುತ್ತಾರೆ. ಅದೂ ಇದೆ. ಆದರೆ ನಮ್ಮ ಕರಾವಳಿಯಲ್ಲಿ ಒಂದು ಬೇಸ್‌ಮೆಂಟ್ ತೋಡಿಸಿ ನೋಡಿ. ಮೇಲೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಗಟ್ಟಿ. ಅದರ ಕೆಳಗೆ ಶೇಡಿ ಮಣ್ಣು. ಒಣಗಿರುವಾಗ ಜೆಸಿಬಿಯ ಹಲ್ಲಿಗೂ ಸುಲಭಕ್ಕೆ ಬಗ್ಗುವುದಿಲ್ಲ, ನೀರು ಕುಡಿಯಿತೋ ಬಹುಪಾಲು ಬಲ ಕಳೆದುಕೊಂಡು ಜಾರಿ ಬೀಳುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ಗುಂಡಿ ತೋಡಿ, ಫೂಟಿಂಗ್ ಹಾಕಿ, ರಿಟೇನಿಂಗ್ ವಾಲ್ ಎಬ್ಬಿಸಿ, ಹಿಂದೆ ಮಣ್ಣು ತುಂಬಿಸಿ ನೆಲಮಟ್ಟದಿಂದ ಮೇಲೆ ಬರುವುದು ಮೇ ಮುಗಿಯುವುದರೊಳಗೆ ಆಗಬೇಕು. ಹಾಗಾಗಿ ಇಲ್ಲಿ ಶೆಡ್ಯೂಲ್ ಮಾಡುವವನು ಶುರುವಿನಿಂದ ಮುಂದಕ್ಕೆ ಲೆಕ್ಕ ಹಾಕುವುದಿಲ್ಲ. ಜೂನ್ 1ರಿಂದ ಹಿಂದಕ್ಕೆ ಹಾಕುತ್ತಾನೆ. ಕಟ್ಟಡದ ಲೈಸೆನ್ಸ್ ಕೈಗೆ ಬಂದದ್ದು ಮಾರ್ಚ್ ಕೊನೆಗೆ ಅಂತಾದರೆ, ಈ ವರ್ಷ ಗುಂಡಿ ತೋಡುವುದೇ ಬೇಡ ಅಂತ ಮಾಲೀಕರಿಗೆ ಹೇಳುವ ಧೈರ್ಯ ಬೇಕು. ಮಣ್ಣಿನ ಪಾಠ ಗೊತ್ತಿಲ್ಲದವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಇನ್ನೊಂದು ಉದಾಹರಣೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಅದನ್ನು ಹೊರುವ ಶೀಟು, ಕಂಬಗಳು. ಸ್ಲ್ಯಾಬ್ ಹಾಕಿದ ಮೇಲೆ ಪ್ರಾಪ್ಸ್ (ಆಧಾರದ ಕಂಬಗಳು) ಯಾವಾಗ ತೆಗೆಯಬಹುದು ಅನ್ನುವುದರ ಮೇಲೆ ಇಡೀ ಕಟ್ಟಡದ ವೇಗ ನಿಂತಿದೆ. ಐಎಸ್ 456 ಅನ್ನುವ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡದ ಪ್ರಕಾರ ಮಾಮೂಲಿ ಒಪಿಸಿ ಸಿಮೆಂಟಿಗೆ 4.5 ಮೀಟರ್‌ವರೆಗಿನ ಸ್ಪ್ಯಾನ್ ಇರುವ ಸ್ಲ್ಯಾಬ್ ಆದರೆ 7 ದಿನ, ಅದಕ್ಕಿಂತ ದೊಡ್ಡದಾದರೆ 14 ದಿನ. ಬೀಮ್ 6 ಮೀಟರ್ ದಾಟಿದರೆ 21 ದಿನ. ಈಗ ಹೆಚ್ಚಿನವರು ತರಿಸುವುದು ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್. ಅದು ನಿಧಾನಕ್ಕೆ ಗಟ್ಟಿಯಾಗುತ್ತದೆ, ಆದ್ದರಿಂದ ಇನ್ನೂ ಕಾಯಬೇಕು. ಸೆಂಟ್ರಿಂಗ್ ಮೇಸ್ತ್ರಿ 'ಸರ್, ಶೀಟು ಬೇರೆ ಸೈಟಿಗೆ ಬೇಕು, ತೆಗೀಲಾ?' ಅಂತ ಕೇಳುವಾಗ ಹೌದು, ಅಲ್ಲ ಅನ್ನಬೇಕಾದವರು ನೀವು. ಅಲ್ಲಿ ಎಂಬಿಎ ಭಾಷೆ ನಡೆಯುವುದಿಲ್ಲ ಮಾರಾಯ್ರೆ. ಡಿಸೈನ್ ಮಾಡಲು ಬರಬೇಕು ಅಂತ ಯಾರೂ ಹೇಳುವುದಿಲ್ಲ. ಡಿಸೈನರ್ ಬರೆದದ್ದು ಯಾಕೆ ಹಾಗೆ ಬರೆದಿದ್ದಾರೆ ಅಂತ ಗೊತ್ತಾಗುವಷ್ಟು ಬರಬೇಕು. ಬಿಇಯಲ್ಲಿ ಸ್ಟ್ರಕ್ಚರ್ ಪೇಪರ್‌ನಲ್ಲಿ ರ‍್ಯಾಂಕ್ ಬರದಿದ್ದರೂ ಪರವಾಗಿಲ್ಲ, ಅಷ್ಟು ಉಳಿದರೆ ಸಾಕು.

ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ನೆನಪಿದೆಯಲ್ಲ? 2010ರ ಹೊತ್ತಿಗೆ ಕೆಲಸ ಶುರುವಾಗಿ, ತೆರೆದದ್ದು 2020ರ ಜನವರಿ ಕೊನೆಗೆ. ಅದರ ಮೇಲೆ ಬಂದಷ್ಟು ಟ್ರೋಲ್ ಜಿಲ್ಲೆಯಲ್ಲಿ ಬೇರೆ ಯಾವುದರ ಮೇಲೂ ಬಂದಿರಲಿಕ್ಕಿಲ್ಲ. ಆ ಫ್ಲೈಓವರ್ ಕಟ್ಟಲು ಎಂಜಿನಿಯರಿಂಗ್ ತಿಳಿಯದೆ ಯಾರೂ ಕೂತಿರಲಿಲ್ಲ. ಜಾಗ ಬಿಡಿಸುವುದು, ದುಡ್ಡು ಹೊಂದಿಸುವುದು, ಓಡುವ ಹೆದ್ದಾರಿಯ ಮಧ್ಯೆ ಕೆಲಸದ ಸರದಿ ಹಾಕುವುದು, ನೀವು ಓದಬೇಕು ಅನ್ನುತ್ತಿರುವ ಸಬ್ಜೆಕ್ಟ್ ಇರುವುದು ಇಲ್ಲಿ. ಹಾಗಾಗಿ ಆಸೆ ಸರಿಯಾಗಿಯೇ ಇದೆ, ಕ್ರಮ ಮಾತ್ರ ಮೊದಲು ಸಿವಿಲ್ ಅಂತ ಇರಲಿ.

ಈಗ ಮಾರ್ಕ್ಸ್ ವಿಷಯ. ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟಿಗೆ ಪಿಯುಸಿಯ ಪಿಸಿಎಂನಲ್ಲಿ ಒಟ್ಟು ಶೇ. 45 ಬೇಕು, ಮೀಸಲಾತಿ ಇರುವವರಿಗೆ ಶೇ. 40. ರ‍್ಯಾಂಕ್‌ಗೆ ಪಿಯುಸಿ ಮಾರ್ಕ್ಸ್ ಅರ್ಧ, ಸಿಇಟಿ ಮಾರ್ಕ್ಸ್ ಅರ್ಧ. ಕಂಪ್ಯೂಟರ್ ಸೈನ್ಸ್‌ಗೆ ಇರುವ ನೂಕುನುಗ್ಗಲು ಸಿವಿಲ್‌ಗೆ ಇಲ್ಲ. ಸಾಧಾರಣ ರ‍್ಯಾಂಕ್‌ಗೂ ಒಳ್ಳೆಯ ಕಾಲೇಜು ಸಿಗುತ್ತದೆ, ಇದು ನಿಮಗೆ ಲಾಭವೇ. ಸುರತ್ಕಲ್ ಎನ್‌ಐಟಿಕೆಗೆ ಜೆಇಇ ಮೇನ್ ಬರೆಯಬೇಕು. ಅಲ್ಲಿ ಅರ್ಧ ಸೀಟು ಕರ್ನಾಟಕದವರಿಗೇ ಇದೆ ಅನ್ನುವುದನ್ನು ನಮ್ಮ ಮಕ್ಕಳೇ ಮರೆಯುತ್ತಾರೆ. ಮಣಿಪಾಲದ ಎಂಐಟಿಗೆ ಅವರದೇ ಎಂಇಟಿ ಪರೀಕ್ಷೆ. ನಿಟ್ಟೆ, ವಾಮಂಜೂರು, ಮೂಡುಬಿದಿರೆ, ಉಜಿರೆ ಎಲ್ಲ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ.

ನಿಮಗಲ್ಲ, ನಿಮ್ಮ ಊರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ತಮ್ಮಂದಿರು ಯಾರಾದರೂ ಇದ್ದರೆ ಹೇಳಿ: ಕದ್ರಿಯ ಕೆಪಿಟಿಯಂಥ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಸಿವಿಲ್ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರಿಗೆ ಇರುವ ಡಿಸಿಇಟಿ ಪರೀಕ್ಷೆ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ಎರಡು, ಬಿಇ ನಾಲ್ಕು ಸೇರಿದರೂ ಆರೇ ವರ್ಷ, ಇದೂ ಆರೇ ವರ್ಷ. ಡಿಪ್ಲೊಮಾದಿಂದ ಬಂದವರ ಕೈ ಸರ್ವೆ, ಡ್ರಾಯಿಂಗ್‌ನಲ್ಲಿ ಚೆನ್ನಾಗಿ ಓಡುತ್ತದೆ. ನನ್ನ ಕೆಳಗೆ ಕೆಲಸ ಮಾಡುವವರನ್ನು ಆರಿಸುವಾಗ ನಾನು ಅವರನ್ನೇ ಮೊದಲು ನೋಡುತ್ತೇನೆ.

ಬಿಇ ಆದ ಮೇಲೆ ಏನು? ಹತ್ತಿರದಲ್ಲೇ ಎನ್‌ಐಟಿಕೆಯಲ್ಲಿ ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಆ್ಯಂಡ್ ಮ್ಯಾನೇಜ್‌ಮೆಂಟ್ ಅನ್ನುವ ಎಂ.ಟೆಕ್ ಇದೆ. ಮಣಿಪಾಲದಲ್ಲೂ ಈ ವಿಷಯದ ಎಂ.ಟೆಕ್ ಇದೆ. ಎನ್‌ಐಟಿಗಳಿಗೆ ಗೇಟ್ ಅನ್ನುವ ರಾಷ್ಟ್ರೀಯ ಪರೀಕ್ಷೆಯ ಸಿವಿಲ್ ಪೇಪರ್ ಬರೆದು, ಎಂ.ಟೆಕ್ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್‌ಗೆ ಹೋಗಬೇಕು. ಬಿಇಯಲ್ಲಿ ಶೇ. 60 ಅಥವಾ 6.5 ಸಿಜಿಪಿಎ ಬೇಕು, ಎಸ್‌ಸಿ, ಎಸ್‌ಟಿಯವರಿಗೆ ಶೇ. 55 ಅಥವಾ 6.0. ಗೇಟ್ ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಇದು ತುಂಬಾ ಅನುಕೂಲ. ಕೊನೆಯ ವರ್ಷದಲ್ಲಿ ಬರೆದು, ಒಂದೆರಡು ವರ್ಷ ಸೈಟ್‌ನಲ್ಲಿ ದುಡಿದು, ಅದೇ ಸ್ಕೋರ್‌ನಲ್ಲಿ ಸೇರಬಹುದು. ಹಾಗೆಯೇ ಮಾಡಿ ಅಂತ ನನ್ನ ಸಲಹೆ. ಬಿಇಯಿಂದ ನೇರವಾಗಿ ಬಂದವರಿಗೆ ಕಾಂಟ್ರಾಕ್ಟ್ ಪೇಪರ್ ಬರೀ ಬಾಯಿಪಾಠ. ಆರ್‌ಎ ಬಿಲ್ (ಕೆಲಸ ಆದಷ್ಟಕ್ಕೆ ಆಗಾಗ ಹಾಕುವ ಬಿಲ್) ಪಾಸ್ ಮಾಡಿಸಲು ಅಲೆದವರಿಗೆ ಪ್ರತಿ ಸಾಲಿನ ಹಿಂದೆ ಒಂದು ಮುಖ ಕಾಣುತ್ತದೆ.

ಗೇಟ್ ಇಲ್ಲದ ದಾರಿಯೂ ಉಂಟು. ಎಲ್ ಆ್ಯಂಡ್ ಟಿಯ ಬಿಲ್ಡ್ ಇಂಡಿಯಾ ಸ್ಕಾಲರ್‌ಶಿಪ್ ಅಂತ ಇದೆ. ಬಿಇ ಕೊನೆಯ ವರ್ಷದ ಸಿವಿಲ್, ಎಲೆಕ್ಟ್ರಿಕಲ್ ವಿದ್ಯಾರ್ಥಿಗಳನ್ನು ಪರೀಕ್ಷೆ, ಇಂಟರ್‌ವ್ಯೂ ಮಾಡಿ ಆರಿಸಿ, ಐಐಟಿ ಮದ್ರಾಸ್, ಐಐಟಿ ದೆಹಲಿ, ತಿರುಚ್ಚಿ ಎನ್‌ಐಟಿ, ನಮ್ಮ ಸುರತ್ಕಲ್ ಇಂಥ ಕಡೆ ಇದೇ ವಿಷಯದ ಎಂ.ಟೆಕ್ ಮಾಡಿಸುತ್ತಾರೆ. ಆಮೇಲೆ ಅವರಲ್ಲೇ ಕೆಲಸ ಮಾಡಬೇಕು ಅನ್ನುವ ಬಾಂಡ್ ಇರುತ್ತದೆ. ಓದಿ ನೋಡಿಯೇ ಸಹಿ ಹಾಕಿ. ಪುಣೆಯ ನಿಕ್ಮಾರ್ ಇನ್ನೊಂದು ಹೆಸರು. 1983ರಲ್ಲಿ ಈ ವಿಷಯಕ್ಕಾಗಿಯೇ ಶುರುವಾದ ಸಂಸ್ಥೆ. ಅಲ್ಲಿಗೆ ಯಾವುದೇ ಎಂಜಿನಿಯರಿಂಗ್ ಅಥವಾ ಆರ್ಕಿಟೆಕ್ಚರ್ ಡಿಗ್ರಿಯಲ್ಲಿ ಶೇ. 50 ಇದ್ದರೆ ಅರ್ಜಿ ಹಾಕಬಹುದು. ಪ್ಲೇಸ್‌ಮೆಂಟ್ ಚೆನ್ನಾಗಿದೆ, ಫೀಸೂ ಚೆನ್ನಾಗಿಯೇ ಇದೆ!

ಗಲ್ಫ್ ಆಸೆ ಇದ್ದರೆ ಕಾಲೇಜು ಆರಿಸುವಾಗಲೇ ಒಂದು ವಿಷಯ ನೋಡಬೇಕು: ಆ ಕಾಲೇಜಿನ ಸಿವಿಲ್ ವಿಭಾಗಕ್ಕೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇದೆಯಾ? ನ್ಯಾಕ್ ಬೇರೆ, ಎನ್‌ಬಿಎ ಬೇರೆ. ನ್ಯಾಕ್ ಇಡೀ ಕಾಲೇಜಿಗೆ, ಎನ್‌ಬಿಎ ಒಂದೊಂದು ಬ್ರಾಂಚಿಗೆ ಬೇರೆ ಬೇರೆ, ಅದೂ ಇಂತಿಷ್ಟು ವರ್ಷಕ್ಕೆ ಅಂತ. ಕಾಲೇಜಿನ ಗೇಟಿನ ಬೋರ್ಡಿನಲ್ಲಿ 'ಎನ್‌ಬಿಎ' ಅಂತ ಬರೆದಿದ್ದರೆ ಅದು ಕಂಪ್ಯೂಟರ್ ಸೈನ್ಸ್‌ಗೆ ಮಾತ್ರ ಇರಬಹುದು. 2018ರಲ್ಲಿ ಕುವೈತ್‌ನಲ್ಲಿ ಎಂಜಿನಿಯರ್‌ಗಳ ಇಕಾಮಾ (ಅಲ್ಲಿ ವಾಸಿಸುವ ಪರವಾನಗಿ) ರಿನ್ಯೂ ಮಾಡಲು ಅಲ್ಲಿನ ಎಂಜಿನಿಯರ್‌ಗಳ ಸೊಸೈಟಿಯಿಂದ ಎನ್‌ಒಸಿ ಬೇಕು ಅಂದರು. ಅವರು ಎನ್‌ಬಿಎ ಇಲ್ಲದ ಭಾರತದ ಡಿಗ್ರಿಗಳನ್ನು ಒಪ್ಪಲಿಲ್ಲ. ಎಷ್ಟೋ ವರ್ಷ ದುಡಿದವರು ವೀಸಾದಲ್ಲಿ ಎಂಜಿನಿಯರ್ ಅನ್ನುವ ಹುದ್ದೆಯನ್ನೇ ಬದಲಿಸಿಕೊಳ್ಳಬೇಕಾಯಿತು. ನಮ್ಮ ಜಿಲ್ಲೆಯವರೂ ಅದರಲ್ಲಿ ಸಿಕ್ಕಿಬಿದ್ದರು. ಎನ್‌ಬಿಎ ಜಾಲತಾಣದಲ್ಲಿ ಕಾಲೇಜು, ಬ್ರಾಂಚ್, ವರ್ಷ ಎಲ್ಲ ಹುಡುಕಿ ನೋಡಬಹುದು. ಸಿಇಟಿಯ ಆಪ್ಷನ್ ಎಂಟ್ರಿ (ಕಾಲೇಜು, ಬ್ರಾಂಚ್ ಆಯ್ಕೆ) ಮಾಡುವ ಮೊದಲು ಹತ್ತು ನಿಮಿಷ ಅಲ್ಲಿ ಕೂತುಕೊಳ್ಳಿ.

ಸೌದಿಯಲ್ಲೂ ಎಂಜಿನಿಯರ್ ಅಂತ ಕೆಲಸ ಮಾಡಲು ಅಲ್ಲಿನ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಎಲ್ಲ ಕಡೆ ಡಿಗ್ರಿ ಸರ್ಟಿಫಿಕೇಟ್ ಅಟೆಸ್ಟೇಶನ್ ಕೇಳುತ್ತಾರೆ, ಆದ್ದರಿಂದ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಒಂದೂ ಕಳೆಯಬೇಡಿ. ದುಬೈನಲ್ಲಿ ಸ್ಕಾಟ್ಲೆಂಡಿನ ಹೆರಿಯಟ್ ವಾಟ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಅಲ್ಲಿ ಕನ್‌ಸ್ಟ್ರಕ್ಷನ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂಎಸ್‌ಸಿಯನ್ನು ಕೆಲಸ ಮಾಡುತ್ತಲೇ ಓದುವವರಿದ್ದಾರೆ. ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಸರ್ಟಿಫಿಕೇಟ್ ಬಗ್ಗೆಯೂ ಕೇಳಿರಬಹುದು. ನಾಲ್ಕು ವರ್ಷದ ಡಿಗ್ರಿ ಇದ್ದವರಿಗೂ ಪ್ರಾಜೆಕ್ಟ್ ನಡೆಸಿದ 36 ತಿಂಗಳ ಅನುಭವ ಬೇಕು. ಈಗಲೇ ಅದರ ಕೋಚಿಂಗ್‌ಗೆ ದುಡ್ಡು ಕಟ್ಟಬೇಡಿ. ಶೆಡ್ಯೂಲ್ ಮಾಡುವ ಪ್ರಿಮವೆರಾ ಸಾಫ್ಟ್‌ವೇರ್ ಕೊನೆಯ ವರ್ಷದಲ್ಲಿ ಕಲಿತರೆ ಸಾಕು.

'ಕೆಲಸ ಮಾಡುತ್ತಾ ಒಂದು ವರ್ಷದಲ್ಲಿ ಬಿ.ಟೆಕ್' ಅಂತ ವಾಟ್ಸಾಪ್‌ನಲ್ಲಿ ಬರುವುದನ್ನು ಮುಟ್ಟಲೂ ಬೇಡಿ. ಅಂಚೆ ಮೂಲಕ ಓದಿದ ಎಂಜಿನಿಯರಿಂಗ್ ಡಿಗ್ರಿಗಳ ಬಗ್ಗೆ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲೇ ತೀರ್ಪು ಕೊಟ್ಟಾಗಿದೆ, ಅವು ನಡೆಯುವುದಿಲ್ಲ.

ಅಪ್ಪನ ಕೆಲಸ ಇರುವುದು ನಿಮಗೆ ದೊಡ್ಡ ಅನುಕೂಲ, ಅದನ್ನು ಬಿಡಬೇಡಿ. ರಜೆಯಲ್ಲಿ ಒಂದು ಮನೆಯ ಲೆಕ್ಕ ಪೂರ್ತಿ ನೀವೇ ಇಡಿ. ಎಷ್ಟು ಲೋಡ್ ಮುರಕಲ್ಲು ಬಂತು, ಎಷ್ಟು ಒಡೆದು ಹೋಯಿತು, ಮರಳು ಸಿಗದೆ ಎಷ್ಟು ದಿನ ಕೆಲಸ ನಿಂತಿತು, ಕೂಲಿ ಎಷ್ಟು. ಎಸ್ಟಿಮೇಟ್‌ನಲ್ಲಿ ಬರೆದದ್ದಕ್ಕೂ ಕೊನೆಗೆ ಖರ್ಚಾದದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತು ಅಂತ ಒಂದು ಪುಟ ಬರೆಯಿರಿ. ಇಂಟರ್‌ವ್ಯೂನಲ್ಲಿ ಆ ಒಂದು ಪುಟ ತೋರಿಸಿದರೆ ಎದುರು ಕೂತವರು ನೆಟ್ಟಗೆ ಕೂರುತ್ತಾರೆ.

ಅಕ್ಕನ ವಿಷಯ. ಬಿಕಾಂ ಮೇಲೆ ಎಂ.ಟೆಕ್ ಆಗುವುದಿಲ್ಲ. ರಾಜ್ಯದ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಬಿಎ ಮಾಡಬಹುದು, ಯಾವುದೇ ಡಿಗ್ರಿಯಲ್ಲಿ ಶೇ. 50 ಇದ್ದರೆ ಸಾಕು, ಎಸ್‌ಸಿ, ಎಸ್‌ಟಿ, ಪ್ರವರ್ಗ 1ಕ್ಕೆ ಶೇ. 45. ಆದರೆ ಎಂಬಿಎಗೆ ಮೊದಲು ಒಂದು ಬಿಲ್ಡರ್ ಆಫೀಸಿನಲ್ಲಿ ಅಕೌಂಟ್ಸ್ ಅಥವಾ ಪರ್ಚೇಸ್ ಕೆಲಸಕ್ಕೆ ಸೇರಲಿ. ಸ್ಟೀಲ್ ರೇಟು, ಜಿಎಸ್‌ಟಿ, ಸಬ್ ಕಂಟ್ರಾಕ್ಟರ್ ಬಿಲ್ಲು, ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಅಕೌಂಟು ಇದೆಲ್ಲ ಬಿಕಾಂ ಆದವರಿಗೆ ನಮಗಿಂತ ಬೇಗ ತಲೆಗೆ ಹೋಗುತ್ತದೆ. ನಮ್ಮ ಆಫೀಸಿನಲ್ಲಿ ಪರ್ಚೇಸ್ ನೋಡಿಕೊಳ್ಳುವವರು ಬಿಕಾಂನವರೇ. ಸಿಮೆಂಟ್ ಆರ್ಡರ್ ಅವರು ಹೂಂ ಅನ್ನದೆ ಹೋಗುವುದಿಲ್ಲ. ಹುಡುಗಿಗೆ ಸೈಟ್ ಯಾಕೆ ಅಂತ ಮನೆಯಲ್ಲಿ ಯಾರಾದರೂ ಅಂದರೆ, ಇದು ಆಫೀಸ್ ಕೆಲಸ, ತಿಂಗಳಿಗೊಮ್ಮೆ ಸ್ಟಾಕ್ ಎಣಿಸಲು ಸೈಟಿಗೆ ಹೋಗಬೇಕಾಗುತ್ತದೆ ಅಷ್ಟೇ ಅಂತ ಹೇಳಿ.