ಬ್ಯಾಕ್ಟೀರಿಯಾ ಹಾಕಿದರೂ ಹೊಂಡದ ನಾತ ಹೋಗಲಿಲ್ಲ

ಪ್ರಶ್ನೆ: ಅರ್ಧ ಎಕರೆ ಹೊಂಡದಾಗ ಕಾಟ್ಲಾ, ರೋಹು, ಮೃಗಾಲ್ ಬಿಟ್ಟು ಎಂಟು ತಿಂಗಳಾತು. ತಳದಾಗ ಕರಿ ರಾಡಿ ಕುಂತದ, ತುಳಿದರ ಕೊಳೆತ ತತ್ತಿ ನಾತ. ಅಂಗಡಿಯವರು ಕೊಟ್ಟ ಬ್ಯಾಕ್ಟೀರಿಯಾ ಪುಡಿ ಎರಡು ಪೊಟ್ಟಣ ಚೆಲ್ಲಿದೆ. ನಾತ ಹೋಗಲಿಲ್ಲಂತ ಮೂರನೇ ದಿನ ಬ್ಲೀಚಿಂಗ್ ಪುಡಿ ಹಾಕಿದೆ. ಈಗ ನಸುಕಿನಾಗ ಮೀನು ಮ್ಯಾಲೆ ಬಂದು ಬಾಯಿ ತೆಗಿಲಿಕತ್ಯಾವ. ಇನ್ನೆರಡು ಪೊಟ್ಟಣ ಹಾಕಲೇನು?
— ಓದುಗರು, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಬೇಡ, ಈಗಲೇ ಹಾಕಬೇಡಿ. ಆಳು ಕರೆದು ಕೆಲಸಕ್ಕೆ ಹಚ್ಚಿ, ಮೂರನೇ ದಿನ ಅವರಿಗೇ ವಿಷ ಉಣಿಸಿದ ಹಾಗಾಗಿದೆ ನಿಮ್ಮದು. ಬ್ಲೀಚಿಂಗ್ ಪುಡಿಯ ಕ್ಲೋರಿನ್‌ಗೆ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟದ್ದು ಎಂಬ ಭೇದವಿಲ್ಲ. ನಗುತ್ತಿಲ್ಲ, ಸುರಪುರದ ಕಡೆ ಹೊಂಡ ಮಾಡಿದ ಮೊದಲ ವರ್ಷ ನಾನೂ ಇದನ್ನೇ ಮಾಡಿದ್ದೆ.

ಮೀನು ಬಾಯಿ ತೆಗೆಯುವುದು ಆಮ್ಲಜನಕ ಸಾಲದೆ. ರಾತ್ರಿಯಿಡೀ ಪಾಚಿ, ಮೀನು, ರಾಡಿಯಲ್ಲಿನ ಜೀವಿಗಳು ಎಲ್ಲವೂ ಉಸಿರಾಡಿ, ಸೂರ್ಯ ಮೂಡುವ ಮುನ್ನ ನೀರಲ್ಲಿ ಅದು ತೀರಾ ಕಡಿಮೆಯಾಗಿರುತ್ತದೆ. ಪೊಟ್ಟಣದಲ್ಲಿರುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕೂಡ ಕೊಳೆ ತಿನ್ನುವಾಗ ಆಮ್ಲಜನಕವನ್ನೇ ಬಳಸುತ್ತದೆ. ಗಾಳಿಯಿಲ್ಲದ ಹೊಂಡಕ್ಕೆ ಇನ್ನೆರಡು ಪೊಟ್ಟಣ ಸುರಿದರೆ ಉಸಿರಿಗೆ ಇನ್ನಷ್ಟು ಪಾಲುದಾರರು, ಅಷ್ಟೇ. ಗಾಳಿ ಸಿಗದ ಕಡೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಸೇರಿ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ನಿಮ್ಮ ತತ್ತಿ ನಾತ ಅದೇ. ಮೀನು ಇರುವಾಗ ರಾಡಿ ಕಲಕಲು ಸರಪಳಿ ಎಳೆಯಬೇಡಿ, ಆ ವಿಷ ಒಮ್ಮೆಲೇ ಮೇಲೆದ್ದೀತು.

ಇವತ್ತಿನಿಂದ ಮೇವು ನಿಲ್ಲಿಸಿ. ಮೀನು ಸುಧಾರಿಸಿದ ಮೇಲೂ ಮೊದಲಿನ ಅರ್ಧ ಸಾಕು. ಮೇವಿನ ಸಾರಜನಕದಲ್ಲಿ ಮೀನಿನ ಮೈಗೆ ಹತ್ತುವುದು ಸುಮಾರು ಕಾಲು ಭಾಗ. ಉಳಿದದ್ದು ನೀರಿಗೆ, ರಾಡಿಗೆ. ನೀರಿಗೆ ಗಾಳಿ ಬೆರೆಸುವ ಏರೇಟರ್ ಇಲ್ಲದಿದ್ದರೆ ಪಂಪ್‌ಸೆಟ್ ಹಚ್ಚಿ, ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಚಿಮ್ಮಿಸಿ, ನಡುರಾತ್ರಿಯಿಂದ ಬೆಳಗಿನ ತನಕ. ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರೆ ಸ್ವಲ್ಪ ಹಳೆ ನೀರು ತೆಗೆದು ಹೊಸದು ತುಂಬಿಸಿ.

ಬ್ಲೀಚಿಂಗ್ ಹಾಕಿ ವಾರ ಕಳೆದು, ಮೀನು ಮೇಲೆ ಬರುವುದು ನಿಂತ ಮೇಲೆ ಬ್ಯಾಕ್ಟೀರಿಯಾ. ಒಣ ಪುಡಿ ಎರಚಿದರೆ ನಮ್ಮ ಗಾಳಿಗೆ ದಂಡೆಗೇ ಹೋಗುತ್ತದೆ. ಪುಡಿಯಲ್ಲಿರುವುದು ನಿದ್ದೆಯಲ್ಲಿರುವ ಬೀಜಾಣು. ಹೊಂಡದ ನೀರಿಗೆ ಬೆಲ್ಲ ಕದಡಿ ಪುಡಿ ಹಾಕಿ, ಒಂದು ರಾತ್ರಿ ಸಣ್ಣ ಏರ್ ಪಂಪ್ ಇಟ್ಟು ಎಬ್ಬಿಸಿ. ಆ ನೀರನ್ನು ಮರಳಿಗೆ ಬೆರೆಸಿ ಎರಚಿದರೆ ತಳ ಮುಟ್ಟುತ್ತದೆ. ಬಿಸಿಲೇರಿದ ಮೇಲೆ ಹಾಕಿ. ಮೀನಿನ ಹೊಲಸು, ಕೊಳೆತ ಮೇವಿನಿಂದ ನೀರಿಗೆ ಸೇರುವ ಅಮೋನಿಯಾ ಇಳಿಸುವ ನೈಟ್ರೊಸೊಮೊನಾಸ್ ಬ್ಯಾಕ್ಟೀರಿಯಾ ಬೇರೆ, ಅದು ರಾಡಿ ತಿನ್ನುವುದಿಲ್ಲ. ಪೊಟ್ಟಣದ ಮೇಲಿನ ಹೆಸರು ಓದಿ ಕೊಳ್ಳಿ.

ಯಾವುದೋ ವಿಡಿಯೊ ನೋಡಿ ಸುಣ್ಣ ಸುರಿಯಬೇಡಿ. ಆ ಮಾತು ಕರಾವಳಿಯ ಹುಳಿ ಮಣ್ಣಿಗೆ. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣಕಲ್ಲು ಮೊದಲೇ ಇದೆ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅಳೆದು ನೋಡಿ, ಆಗಲೇ ಪಿಎಚ್ ಹೆಚ್ಚಿರುವುದು.

ಇಷ್ಟಾದರೂ ಬ್ಯಾಕ್ಟೀರಿಯಾ ತಿನ್ನುವುದು ಸಗಣಿ, ಮೇವು, ಸತ್ತ ಪಾಚಿಯನ್ನು ಮಾತ್ರ, ಹೂಳನ್ನಲ್ಲ. ಮೀನು ಹಿಡಿದ ಮೇಲೆ ನೀರು ಬಸಿದು, ಬೇಸಿಗೆಯಲ್ಲಿ ಬಿರುಕಿನೊಳಗೆ ಬೆರಳು ಇಳಿಯುವ ತನಕ ಒಣಗಲು ಬಿಡಿ. ನಮ್ಮ ಕಡೆ ಬಿಸಿಲಿಗೆ ದುಡ್ಡು ಕೊಡಬೇಕಿಲ್ಲ. ಕೆರೆದ ಗೋಡನ್ನು ತೊಗರಿ ಹೊಲಕ್ಕೆ ಹೊಡೆಯಿರಿ.