ಘಾಟಿ ಹತ್ತುವ ಹಳೆಯ ಜಿಪ್ಸಿಗೆ ಯಾವ ಹೆಡರ್?

ಮಾನ್ಯರೇ,

ನಿಮ್ಮ 1998ರ ಕಾರ್ಬುರೇಟರ್ ಜಿಪ್ಸಿಯ ಬೀಡಿನ (ಎರಕದ ಕಬ್ಬಿಣದ) ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿನ ಪೈಪಿಗೆ ಬಿಡುವ ಭಾಗ, ಎರಡನೆಯ ಸಲ ಬಿರುಕು ಬಿಟ್ಟಿದೆ. ಮೇಲಿನ ಬಟ್ಟೆಯ ಹುಡ್ ತೆಗೆದು ಪಿಕಪ್ಪಿನಂತೆ ಬಳಸುವ ಆ ಗಾಡಿ ಕುಯ್ಲಿನ ಕಾಲದಲ್ಲಿ ಎಂಟು ಚೀಲ ಕಾಫಿ ಹೊತ್ತು ಕಣದ ಏರು ಹತ್ತುವಾಗ ಎರಡನೇ ಗೇರಿನಲ್ಲೂ ಏದುಸಿರು ಬಿಡುತ್ತದೆ. ಆದ್ದರಿಂದ ಮ್ಯಾನಿಫೋಲ್ಡಿನ ಬದಲು ಹೆಡರ್ (ಪ್ರತಿ ಸಿಲಿಂಡರಿಗೂ ಬೇರೆ ಪೈಪಿರುವ ಜೋಡಣೆ) ಹಾಕಿಸಲು ಹೊರಟು, ಮೈಸೂರಿನಲ್ಲಿ ನೋಡಿ ಬಂದ ಮೂರರಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ: ಮೊದಲನೆಯದು 42 ಮಿಲಿಮೀಟರ್ ಪೈಪಿನದು, ಎರಡನೆಯದು 35 ಮಿಲಿಮೀಟರಿನದು, ಮೂರನೆಯದು ಎಸ್ಟೀಮ್ ಕಾರಿನದು. ನಾನೂ ಅದೇ ಎಂಜಿನ್ನಿನ ಗಾಡಿಯನ್ನು ಕೊಡಗಿನ ನಾಪೋಕ್ಲು ಕಡೆಯ ತೋಟದಲ್ಲಿ ಹಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಮೊದಲು ತಪ್ಪು ಹೆಡರ್ ಕೊಂಡು, ಅದರಿಂದ ಪಾಡುಪಟ್ಟು, ಆಮೇಲೆ ಸರಿಯಾದುದನ್ನು ಹಾಕಿಸಿದವನಾದ್ದರಿಂದ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಹೆಡರ್‌ನ ಮಾತಿಗಿಂತ ಮೊದಲು ಆ ಬಿರುಕನ್ನೇ ನೋಡಬೇಕು. ಬೀಡಿನ ಮ್ಯಾನಿಫೋಲ್ಡ್ ಒಮ್ಮೆ ಬಿರುಕು ಬಿಟ್ಟರೆ ವಯಸ್ಸಾಯಿತು ಎನ್ನಬಹುದು, ಎರಡನೆಯ ಸಲವೂ ಬಿಟ್ಟಿದೆ ಎಂದರೆ ಅದನ್ನು ಯಾವುದೋ ಭಾಗ ಎಳೆದು ಮುರಿಯುತ್ತಿದೆ ಎಂದೇ ಅರ್ಥ. ಗಾಡಿಯ ಕೆಳಗೆ ಮಲಗಿ ಸೈಲೆನ್ಸರನ್ನು ಚಾಸಿಗೆ ತೂಗುಹಾಕುವ ರಬ್ಬರುಗಳನ್ನು ಒಂದೊಂದಾಗಿ ಎಣಿಸಿರಿ. ಅವುಗಳಲ್ಲಿ ಒಂದು ಹರಿದಿದ್ದರೂ ಪೈಪಿನ ಭಾರವೆಲ್ಲ ಮ್ಯಾನಿಫೋಲ್ಡಿನ ಕೊರಳಿಗೆ ಬೀಳುತ್ತದೆ, ಗುಂಡಿಬಿದ್ದ ತೋಟದ ದಾರಿಯಲ್ಲಿ ಪ್ರತಿಯೊಂದು ಕುಲುಕಾಟವೂ ಅಲ್ಲಿಗೇ ಹೊಡೆಯುತ್ತದೆ. ಎಂಜಿನ್ ಮೌಂಟಿನ ರಬ್ಬರು ಕುಸಿದಿದ್ದರೂ ಇದೇ ಫಲ. ಮ್ಯಾನಿಫೋಲ್ಡನ್ನು ಸಿಲಿಂಡರ್ ಹೆಡ್ಡಿಗೆ ಹಿಡಿದಿಡುವ ತುದಿಯ ಸ್ಟಡ್ಡುಗಳಲ್ಲಿ ಒಂದು ತುಂಡಾಗಿದೆಯೇ ಎಂಬುದನ್ನೂ ನೋಡಿ. ತುದಿ ಸಡಿಲವಾದ ಮ್ಯಾನಿಫೋಲ್ಡ್ ಕಾದಾಗ ಬಾಗುತ್ತದೆ, ಬಾಗಿದ್ದು ಒಂದು ದಿನ ಸೀಳುತ್ತದೆ. ಈ ಕಾರಣಗಳನ್ನು ಹಾಗೆಯೇ ಬಿಟ್ಟು ಹೆಡರ್ ಹಾಕಿಸಿದರೆ 1.6 ಮಿಲಿಮೀಟರ್ ದಪ್ಪದ ಪೈಪು ಬೀಡಿಗಿಂತ ಬೇಗ ಒಡೆಯುತ್ತದೆ, ಅದೂ ಸಾಮಾನ್ಯವಾಗಿ ವೆಲ್ಡಿಂಗಿನ ಅಂಚಿನಲ್ಲಿ.

ಎಳೆತ ಕಡಿಮೆಯಾದದ್ದಕ್ಕೂ ಎಕ್ಸಾಸ್ಟೇ ಕಾರಣ ಎಂದು ಈಗಲೇ ತೀರ್ಮಾನಿಸಬೇಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಯಲ್ಲಿರುವುದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಕಂಪನಿಯ ಪುಸ್ತಕದಲ್ಲಿ 60 ಅಶ್ವಶಕ್ತಿ ಎಂದಿರುವ ಈ ಎಂಜಿನ್ ನಮ್ಮ ಊರಿನಲ್ಲಿ ಹೊಸದಿದ್ದಾಗಲೂ 54ರ ಆಸುಪಾಸಿನಲ್ಲೇ ಇತ್ತು, ಮತ್ತು ಯಾವ ಹೆಡರೂ ಆ ಗಾಳಿಯನ್ನು ಮರಳಿ ತರಲಾರದು. ಏರ್ ಫಿಲ್ಟರ್, ಟ್ಯಾಪೆಟ್ ಅಂತರ, ಇಗ್ನಿಷನ್ ಟೈಮಿಂಗ್ ಸರಿಯಾಗಿವೆ ಎಂದು ಖಚಿತಪಡಿಸಿಕೊಂಡ ಮೇಲೆ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆಸಿರಿ. ಒಂದಕ್ಕೂ ಇನ್ನೊಂದಕ್ಕೂ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹಣವನ್ನು ಹೆಡ್ಡಿನ ಕೆಲಸಕ್ಕೆ ಇಟ್ಟುಕೊಳ್ಳುವುದು ಲೇಸು. ಅನಂತರ ಇನ್‌ಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಹೀರುವ ಬಲ ಅಳೆಯುವ ಮೀಟರು) ಜೋಡಿಸಿ, ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತಿನಲ್ಲಿ ಒಂದೆರಡು ನಿಮಿಷ ಹಿಡಿಯಿರಿ. ಮುಳ್ಳು ಒಂದೇ ಕಡೆ ನಿಲ್ಲದೆ ನಿಧಾನವಾಗಿ ಇಳಿಯುತ್ತಾ ಹೋದರೆ ಸೈಲೆನ್ಸರಿನ ಒಳತಗಡು ತುಕ್ಕು ಹಿಡಿದು ಕಳಚಿ ದಾರಿಗೆ ಅಡ್ಡ ಬಿದ್ದಿದೆ ಎಂದು ತಿಳಿಯಬಹುದು. ಇಲ್ಲಿ ಇನ್ನೊಂದು ಮಾತನ್ನು ಹೇಳಿಬಿಡುತ್ತೇನೆ: ಬಯಲುಸೀಮೆಯ ಮೆಕ್ಯಾನಿಕ್ಕುಗಳು ಐಡ್ಲಿಂಗಿನಲ್ಲಿ ಈ ಗೇಜು ಪಾದರಸದ ಲೆಕ್ಕದಲ್ಲಿ 18ರಿಂದ 20 ಇಂಚು ತೋರಿಸಬೇಕು ಎನ್ನುತ್ತಾರೆ, ಆದರೆ ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಇಳಿಯುವುದರಿಂದ ಮಡಿಕೇರಿಯಲ್ಲಿ 14–16 ಇಂಚು ಬಂದರೆ ಎಂಜಿನ್ ಆರೋಗ್ಯವಾಗಿದೆ ಎಂದೇ ಲೆಕ್ಕ. ಇದನ್ನು ತಿಳಿಯದೆ ನನ್ನ ಎಂಜಿನ್ನನ್ನು ಬಿಚ್ಚಲು ಹೊರಟವರೂ ಇದ್ದರು.

ಇಷ್ಟನ್ನು ನೋಡಿಯೂ ಹೆಡರ್ ಬೇಕೆನಿಸಿದರೆ, ನೀವು ಹೇಳಿದ ಮೂರರಲ್ಲಿ ಒಂದನ್ನು ಒಡನೆಯೇ ಬಿಟ್ಟುಬಿಡಬಹುದು. ಎಸ್ಟೀಮ್ ಕಾರಿನಿಂದ ಬಿಚ್ಚಿದ, ಅಗ್ಗಕ್ಕೆ ಸಿಗುವ ಮೂರನೆಯದು ನಿಮ್ಮ ಗಾಡಿಗೆ ಆಗುವುದಿಲ್ಲ. ಎಸ್ಟೀಮಿನಲ್ಲಿ ಎಂಜಿನ್ ಅಡ್ಡಲಾಗಿ ಕುಳಿತಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಹಾಗಾಗಿ ಪೈಪು ಇಳಿಯುವ ದಿಕ್ಕೇ ಬೇರೆ. ಮೇಲಾಗಿ ಆಮೇಲಿನ ಎಸ್ಟೀಮುಗಳದು 16 ವಾಲ್ವಿನ ಹೆಡ್ಡು, ನಿಮ್ಮದು 8 ವಾಲ್ವಿನದು. ಇದೇ ಕಾರಣಕ್ಕೆ ಅನಂತರ ಬಂದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರುಗಳಿರುವ) ಜಿಪ್ಸಿಯ ಹೆಡರೂ ನಿಮ್ಮ ಹೆಡ್ಡಿಗೆ ಹೊಂದುವುದಿಲ್ಲ. ಅಂಗಡಿಯವರು 'ಜಿಪ್ಸಿಯದೇ ಸಾರ್' ಎಂದಷ್ಟೇ ಹೇಳಿದರೆ ಸಾಲದು. ನಿಮ್ಮ ಹಳೆಯ ಗ್ಯಾಸ್ಕೆಟ್ಟನ್ನು ಜೊತೆಗೆ ಒಯ್ದು ಹೆಡರಿನ ಫ್ಲ್ಯಾಂಜಿನ (ಹೆಡ್ಡಿಗೆ ಕೂರುವ ಚಪ್ಪಟೆ ತಟ್ಟೆಯ) ಮೇಲಿಟ್ಟು ತೂತಿಗೆ ತೂತು ಕೂಡುತ್ತದೆಯೇ ಎಂದು ನೋಡಬೇಕು.

ಉಳಿದ ಎರಡರ ನಡುವಿನ ಆಯ್ಕೆಯಲ್ಲಿಯೇ ನಿಜವಾದ ವಿಚಾರವಿರುವುದು. ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊರನುಗ್ಗುವ ಹೊಗೆ ಒಂದು ಒತ್ತಡದ ಅಲೆಯಾಗಿ ಪೈಪಿನಲ್ಲಿ ಓಡುತ್ತದೆ. ಪೈಪುಗಳು ಕೂಡುವ ಜಾಗದಲ್ಲಿ ಅಗಲ ಹೆಚ್ಚುವುದರಿಂದ ಅಲ್ಲಿಂದ ಹೀರುವ ಅಲೆಯೊಂದು ಹಿಂದಿರುಗುತ್ತದೆ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವುಗಳು ಒಂದು ಕ್ಷಣ ಒಟ್ಟಿಗೆ ತೆರೆದಿರುವ ಹೊತ್ತಿಗೆ ಆ ಅಲೆ ಬಂದು ತಲುಪಿದರೆ ಉಳಿದ ಹೊಗೆಯನ್ನು ಎಳೆದುಹಾಕಿ ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಹೆಡರ್‌ನ ಉಪಕಾರವೆಲ್ಲ ಇದರಲ್ಲಿದೆ, ಮತ್ತು ಅದು ಎಲ್ಲ ಸುತ್ತುಗಳಲ್ಲಿಯೂ ಸಿಗುವುದಿಲ್ಲ. ಪೈಪಿನ ಉದ್ದವೂ ಅಗಲವೂ ಅದು ಯಾವ ಸುತ್ತಿನಲ್ಲಿ ಸಿಗಬೇಕೆಂಬುದನ್ನು ಗೊತ್ತುಮಾಡುತ್ತವೆ. ಸಂಪಾಜೆಯಿಂದ ಮೇಲೇರುವಾಗಲಾಗಲಿ, ಮಾಕುಟ್ಟದಿಂದ ಪೆರುಂಬಾಡಿಗೆ ಹತ್ತುವ ಘಾಟಿಯಲ್ಲಾಗಲಿ, ಹೊರೆ ಹೇರಿದ ಗಾಡಿಯ ಎಂಜಿನ್ ಹೆಚ್ಚು ಹೊತ್ತು ಇರುವುದು 2,500ರಿಂದ 3,500 ಸುತ್ತಿನ ನಡುವೆ. ರ‍್ಯಾಲಿ ಓಡಿಸುವವರು 5,500ರ ಮೇಲೆ ಇರುತ್ತಾರೆ. ಅಂಗಡಿಯ ಗೋಡೆಯಲ್ಲಿ ಮಿನುಗುವ ಹೆಡರ್‌ಗಳಲ್ಲಿ ಬಹುಪಾಲು ಅವರಿಗಾಗಿಯೇ ಮಾಡಿದವು.

ಇದಕ್ಕೆ ಕಾರ್ಯಾಗಾರಗಳಲ್ಲಿ ಬಳಸುವ ಒಂದು ಒರಟು ಲೆಕ್ಕವಿದೆ. ಒಂದು ಸಿಲಿಂಡರಿನ ಗಾತ್ರವನ್ನು ಸಿಸಿಯಲ್ಲಿ ಹಿಡಿದು, ಎಳೆತ ಬೇಕಾದ ಸುತ್ತಿನಿಂದ ಗುಣಿಸಿ, 2,24,000ದಿಂದ ಭಾಗಿಸಿದರೆ ಪೈಪಿನ ಒಳಗಿನ ಕ್ಷೇತ್ರಫಲ ಚದರ ಸೆಂಟಿಮೀಟರಿನಲ್ಲಿ ಬರುತ್ತದೆ. ನಿಮ್ಮ 1,298 ಸಿಸಿ ಎಂಜಿನ್ನಿನ ಒಂದು ಸಿಲಿಂಡರು ಸುಮಾರು 325 ಸಿಸಿ. 3,500 ಸುತ್ತಿಗೆ ಸುಮಾರು 5.1 ಚದರ ಸೆಂಟಿಮೀಟರ್, ಅಂದರೆ 25 ಮಿಲಿಮೀಟರ್ ಒಳವ್ಯಾಸ. 5,500 ಸುತ್ತಿಗೆ ಸುಮಾರು 8 ಚದರ ಸೆಂಟಿಮೀಟರ್, ಅಂದರೆ 32 ಮಿಲಿಮೀಟರ್. ಹೊರವ್ಯಾಸ 32 ಮಿಲಿಮೀಟರಿನ, 1.6 ಮಿಲಿಮೀಟರ್ ದಪ್ಪದ ಪೈಪಿನಲ್ಲಿ ಒಳಗೆ 28.8 ಉಳಿಯುತ್ತದೆ, ನಮ್ಮ ಕೆಲಸಕ್ಕೆ ಇದು ಬಹಳ ಹಿತವಾದ ಅಳತೆ. ನೀವು ನೋಡಿದ ಎರಡನೆಯ ಹೆಡರಿನ 35 ಮಿಲಿಮೀಟರ್ ಹೊರವ್ಯಾಸ ಒಪ್ಪಬಹುದಾದ ಕೊನೆಯ ಮಿತಿ. ಮೊದಲನೆಯದರ 42 ಮಿಲಿಮೀಟರ್ ಈ ಎಂಜಿನ್ನಿಗೆ ಅತಿಯಾಯಿತು.

ಅದೇ 42 ಮಿಲಿಮೀಟರಿನ, ನಾಲ್ಕೂ ಪೈಪು ಒಂದೇ ಕಡೆ ಕೂಡುವ 4-1 ಬಗೆಯನ್ನು ನಾನು ಮೊದಲು ಹಾಕಿಸಿದ್ದೆ. ಕುಶಾಲನಗರದ ನೇರ ರಸ್ತೆಯಲ್ಲಿ ಬಲು ಚೆನ್ನಾಗಿ ಓಡಿತು, ಸದ್ದೂ ಗಂಭೀರವಾಗಿತ್ತು. ಚೀಲ ಹೇರಿ ತೋಟದ ತಿರುವಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಮಾತ್ರ ಹಿಂದೆ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಒಂದನೇ ಗೇರು ಬೇಕಾಯಿತು. ಅಗಲವಾದ ಪೈಪಿನಲ್ಲಿ ಹೊಗೆಯ ವೇಗ ಕುಗ್ಗಿ ಹೀರುವ ಅಲೆ ದುರ್ಬಲವಾಗುತ್ತದೆ ಎಂಬ ಪಾಠವನ್ನು ನಾನು ಕಲಿತದ್ದು ಹೀಗೆ. ಎರಡನೆಯ ಮಳೆಗಾಲಕ್ಕೆ ಮೂರನೇ ಸಿಲಿಂಡರಿನ ವೆಲ್ಡಿಂಗ್ ಬಿಟ್ಟಿತು.

ಆದ್ದರಿಂದ 4-2-1 ಬಗೆಯನ್ನೇ ಆರಿಸಿ. ಅದರಲ್ಲಿ ಪೈಪುಗಳು ಮೊದಲು ಎರಡೆರಡಾಗಿ, ಆಮೇಲೆ ಒಂದಾಗಿ ಕೂಡುವುದರಿಂದ ನಡುವಿನ ಸುತ್ತುಗಳಲ್ಲಿ ಎಳೆತ ಹರಡಿಕೊಂಡು ಸಿಗುತ್ತದೆ. ಕೊಳ್ಳುವಾಗ ಬೆರಳಿಟ್ಟು ಪರೀಕ್ಷಿಸಬೇಕಾದ ಸಂಗತಿ ಒಂದಿದೆ. ಈ ಎಂಜಿನ್ನಿನ ಫೈರಿಂಗ್ ಕ್ರಮ, ಅಂದರೆ ಸಿಲಿಂಡರುಗಳು ಒಂದಾದ ಮೇಲೊಂದು ಉರಿಯುವ ಕ್ರಮ, 1-3-4-2. ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರದಂತೆ ಸಮ ಅಂತರದಲ್ಲಿ ಬರಬೇಕಾದರೆ 1ನೆಯದು 4ರೊಂದಿಗೆ, 2ನೆಯದು 3ರೊಂದಿಗೆ ಕೂಡಬೇಕು. ಬಗ್ಗಿಸುವ ಕೆಲಸ ಉಳಿಸಲು ಪಕ್ಕಪಕ್ಕದ 1–2, 3–4 ಪೈಪುಗಳನ್ನು ಜೋಡಿಸಿದ ಮಾಲನ್ನು ನಾನು ಕಂಡಿದ್ದೇನೆ. ಹೊರನೋಟಕ್ಕೆ ಅದೂ 4-2-1, ಆದರೆ ಫಲವಿಲ್ಲ. ಫ್ಲ್ಯಾಂಜ್ 8 ಮಿಲಿಮೀಟರಿಗಿಂತ ತೆಳುವಿದ್ದರೆ ಬಿಟ್ಟುಬಿಡಿ, 10 ಇದ್ದರೆ ಉತ್ತಮ. ಪೈಪಿನ ಬಾಯಿಯೊಳಗೆ ಬೆರಳಾಡಿಸಿದಾಗ ವೆಲ್ಡಿಂಗಿನ ಗಂಟು ತಗಲಬಾರದು.

ಲೋಹದ ವಿಷಯದಲ್ಲಿ ನನ್ನ ಅಭಿಪ್ರಾಯ ಅಂಗಡಿಯವರದಕ್ಕಿಂತ ಬೇರೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ನಮ್ಮ ಮಳೆಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ನಿಜ, ಆದರೆ ಅದು ಕಾದಾಗ ಸಾದಾ ಕಬ್ಬಿಣಕ್ಕಿಂತ ಸುಮಾರು ಒಂದೂವರೆಯಷ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಪೈಪು 500 ಡಿಗ್ರಿ ಕಾದರೆ ನಾಲ್ಕು ಮಿಲಿಮೀಟರಿಗೂ ಮಿಕ್ಕಿ ಬೆಳೆಯುತ್ತದೆ, ಹಾಗೆ ಬೆಳೆಯಲು ಜಾರುವ ಜೋಡಣೆ ಇಲ್ಲದಿದ್ದರೆ ವೆಲ್ಡಿಂಗ್ ಸೀಳುತ್ತದೆ. 409 ದರ್ಜೆಯ ಸ್ಟೀಲು ಹೊರಗೆ ಕೆಂಪಾದರೂ ಒಳಗೆ ಗಟ್ಟಿಯಾಗಿರುತ್ತದೆ, ಹಿಗ್ಗುವುದೂ ಕಡಿಮೆ. ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಸಾದಾ ಕಬ್ಬಿಣದ್ದನ್ನು ಕೊಂಡು ಒಳಹೊರಗೆ ಸೆರಾಮಿಕ್ ಲೇಪನ ಮಾಡಿಸಿರಿ. ಶಾಖ ತಡೆಯುವ ನಾರಿನ ಪಟ್ಟಿ ಸುತ್ತಿಸಲು ಮಾತ್ರ ಹೋಗಬೇಡಿ. ಒಣ ಊರುಗಳಲ್ಲಿ ಅದು ಉಪಯುಕ್ತವಿರಬಹುದು, ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒದ್ದೆಯಾಗಿಯೇ ಇರುವ ನಮ್ಮಲ್ಲಿ ಆ ಪಟ್ಟಿ ನೀರು ಹಿಡಿದಿಟ್ಟು ಪೈಪನ್ನು ಒಳಗಿಂದೊಳಗೇ ತಿನ್ನುತ್ತದೆ. ಅದರ ಬದಲು ಹಳೆಯ ಮ್ಯಾನಿಫೋಲ್ಡಿನ ಮೇಲಿದ್ದಂತಹ ತಗಡಿನ ಮುಚ್ಚಳವನ್ನು ಒಂದು ಬೆರಳು ಅಂತರ ಬಿಟ್ಟು ಕೂರಿಸಿ. ಬ್ರೇಕ್ ಪೈಪು, ಕ್ಲಚ್ ಕೇಬಲ್ ಮತ್ತು ವೈರುಗಳನ್ನು ಹೆಡರಿನಿಂದ ದೂರ ಸರಿಸಿ ಕಟ್ಟಿಸಿರಿ.

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬಾಣೆಯ (ಗದ್ದೆಗೆ ಸೇರಿದ ಮೇಡುಭೂಮಿಯ) ಒಣಹುಲ್ಲಿನ ಮೇಲೆ, ಸಿಲ್ವರ್ ಓಕಿನ ತರಗೆಲೆಯ ಮೇಲೆ ಗಾಡಿ ನಿಲ್ಲಿಸುವ ಅಭ್ಯಾಸವಿದ್ದರೆ ಈಗಲೇ ಬಿಡಿ. ತೆಳು ಪೈಪಿನ ಹೆಡರ್ ಬೀಡಿಗಿಂತ ಹೊರಗೆ ಹೆಚ್ಚು ಶಾಖ ಬಿಡುತ್ತದೆ, ಮತ್ತು ಅದರ ಪೈಪುಗಳು ಕೂಡುವ ಜಾಗ ಬೀಡಿನದಕ್ಕಿಂತ ಕೆಳಗೆ ಬರುತ್ತದೆ, ಹುಲ್ಲಿಗೆ ಬೆಂಕಿ ಹತ್ತಬಹುದು.

ಕೂರಿಸುವ ಕೆಲಸದಲ್ಲಿ ಅವಸರ ಬೇಡ. ಹಿಂದಿನ ದಿನವೇ ಸ್ಟಡ್ಡುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಎಂಜಿನ್ ತಣ್ಣಗಿರುವಾಗ ಬಿಚ್ಚಿಸಿ, ಸ್ಟಡ್ಡು ಮತ್ತು ನಟ್ಟುಗಳನ್ನೆಲ್ಲ ಹೊಸದಾಗಿಯೇ ಹಾಕಿಸಿ. ಫ್ಲ್ಯಾಂಜಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕು ಕಾಣುತ್ತದೆಯೇ ನೋಡಿ. ಕಂಡರೆ ಲೇತಿನವರಲ್ಲಿ ಮಟ್ಟ ಮಾಡಿಸಿರಿ, ಎರಡು ಗ್ಯಾಸ್ಕೆಟ್ ಹಾಕಿ ಸರಿದೂಗಿಸಬೇಡಿ. ನಟ್ಟುಗಳನ್ನು ನಡುವಿನಿಂದ ತುದಿಗಳತ್ತ ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. 8 ಮಿಲಿಮೀಟರಿನ ಸ್ಟಡ್ಡಿಗೆ 20ರಿಂದ 25 ನ್ಯೂಟನ್ ಮೀಟರ್ ಸಾಕು. ಎರಡು ಮೂರು ದಿನ ಓಡಿಸಿದ ಮೇಲೆ, ಎಂಜಿನ್ ತಣ್ಣಗಿದ್ದಾಗ, ಇನ್ನೊಮ್ಮೆ ಬಿಗಿಯಿಸಿ. ಹೆಡರಿಗೂ ಹಿಂದಿನ ಪೈಪಿಗೂ ನಡುವೆ ಬಾಗುವ ಬೆಲ್ಲೋಸ್ ತುಂಡೊಂದನ್ನು ಹಾಕಿಸದೆ ಬಿಡಬೇಡಿ. ಎಂಜಿನ್ ಅಲ್ಲಾಡುತ್ತದೆ, ಸೈಲೆನ್ಸರ್ ಚಾಸಿಗೆ ಕಟ್ಟಿಕೊಂಡಿದೆ, ಆ ಜಗ್ಗಾಟವನ್ನು ನುಂಗುವುದು ಅದೊಂದೇ. ಮಳೆಗಾಲದಲ್ಲಿ ಹುಡ್ ಹಾಕಿ ಪಕ್ಕದ ಪರದೆಗಳನ್ನೂ ಮುಚ್ಚಿ ಓಡಿಸುವಾಗ ಸಣ್ಣ ಸೋರಿಕೆಯೂ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಒಳಗೆ ತುಂಬಬಲ್ಲದು. ಅದಕ್ಕೆ ವಾಸನೆಯಿಲ್ಲ, ತಲೆನೋವು ಬಂದಾಗಲೇ ಗೊತ್ತಾಗುವುದು.

ಕಾರ್ಬುರೇಟರಿನ ಜೆಟ್ (ಪೆಟ್ರೋಲು ಬರುವ ಸಣ್ಣ ತೂತು) ದೊಡ್ಡದು ಮಾಡಬೇಕೆಂದು ಅನೇಕರು ಹೇಳುತ್ತಾರೆ. ಹೆಡರಿನಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕುಗ್ಗಿ ಅದು ಸ್ವಲ್ಪ ತೆಳುವಾಗುವುದು ಹೌದು, ಆದರೆ ನಮ್ಮ ಎತ್ತರದಲ್ಲಿ ಅದು ಮೊದಲೇ ಅಗತ್ಯಕ್ಕಿಂತ ದಪ್ಪವಾಗಿರುತ್ತದೆ, ಆದ್ದರಿಂದ ನನ್ನ ಗಾಡಿಯಲ್ಲಿ ಏನನ್ನೂ ಬದಲಿಸಬೇಕಾಗಲಿಲ್ಲ. ಹೊರೆಯೊಂದಿಗೆ ಒಂದು ಘಾಟಿ ಹತ್ತಿ, ಒಡನೆಯೇ ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ: ತಿಳಿಗಂದು ಇದ್ದರೆ ಹಾಗೆಯೇ ಬಿಡಿ, ಬೆಳ್ಳಗಿದ್ದರೆ ಮಾತ್ರ ಜೆಟ್ಟಿನ ಮಾತು. ಮಂಗಳೂರಿಗೆ ಆಗಾಗ ಇಳಿಯುವವರಾದರೆ ಅಲ್ಲಿಯೂ ಒಮ್ಮೆ ನೋಡಿಕೊಳ್ಳಿ.

ಸದ್ದಿನ ವಿಚಾರದಲ್ಲಿ ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡವನ್ನೋ ಮೂರು ತಿಂಗಳವರೆಗೆ ಸೆರೆಯನ್ನೋ ವಿಧಿಸಬಹುದು. ಸೈಲೆನ್ಸರನ್ನು ಕಂಪನಿಯದೇ ಇಟ್ಟುಕೊಂಡು ಹೆಡರ್ ಮಾತ್ರ ಬದಲಿಸಿದರೆ ಸದ್ದು ಹೆಚ್ಚು ಏರುವುದಿಲ್ಲ. ನಿಮ್ಮ ಗಾಡಿಗೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದನ್ನೂ ತೆಗೆಸಬೇಡಿ. 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ, ಆಗಿನ ತಪಾಸಣೆಯಲ್ಲಿ ಹೆಡರಿಗೆ ಆಕ್ಷೇಪ ಬಂದರೆ ಮರಳಿ ಹಾಕಿಸಲು ಹಳೆಯ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕದೆ ಬೆಸೆಯಿಸಿ, ಎಣ್ಣೆ ಸವರಿ ಅಟ್ಟದ ಮೇಲಿಟ್ಟಿರಿ.

ನಿಮ್ಮ ಪ್ರಶ್ನೆಯ ಕೆಳಗೆ ಇನ್ನೊಬ್ಬರು ತಮ್ಮ ಮಹೀಂದ್ರಾ ಡೀಸೆಲ್ ಪಿಕಪ್ಪಿಗೂ ಇಂಥದೇ ಹೆಡರ್ ಹಾಕಿಸಬಹುದೇ ಎಂದು ಕೇಳಿದ್ದಾರೆ. ಟರ್ಬೊ ಇರುವ ಎಂಜಿನ್ನಿನಲ್ಲಿ ಟರ್ಬೊ ಕುಳಿತಿರುವುದೇ ಬೀಡಿನ ಮ್ಯಾನಿಫೋಲ್ಡಿನ ಮೇಲೆ, ಅದರ ಭಾರವನ್ನು ತೆಳು ಪೈಪು ಹೊರಲಾರದು. ಟರ್ಬೊ ಇಲ್ಲದ ಡೀಸೆಲ್ಲಿನಲ್ಲಿ ಶಕ್ತಿಯನ್ನು ಗೊತ್ತುಮಾಡುವುದು ಪಂಪು ಕೊಡುವ ಇಂಧನ. ಹೆಡರಿನಿಂದ ಕೈಗೆ ತಿಳಿಯುವಷ್ಟು ಲಾಭವಿಲ್ಲ. ಮ್ಯಾನಿಫೋಲ್ಡಿಗೆ ಫೇಸಿಂಗ್ (ಮುಖ ಮಟ್ಟಮಾಡುವ ಕೆಲಸ) ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿಸಿದರೆ ಅವರ ಕೆಲಸ ಮುಗಿಯುತ್ತದೆ.

ನೀವು ಮುಂಗಡ ಕೊಡುವ ಮೊದಲು ಆ ಎರಡನೆಯ ಹೆಡರಿನ ಚಿತ್ರವನ್ನು ಫ್ಲ್ಯಾಂಜಿನ ಕಡೆಯಿಂದ ಒಂದು, ಪೈಪುಗಳು ಕೂಡುವ ಕಡೆಯಿಂದ ಒಂದು ತೆಗೆದು ಇಲ್ಲಿ ಹಾಕಿರಿ. ಪೈಪಿನ ಬಾಯಿಯ ಪಕ್ಕ ಅಳತೆಪಟ್ಟಿ ಇಟ್ಟಿದ್ದರೆ ಒಳವ್ಯಾಸವೂ ಜೋಡಣೆಯ ಕ್ರಮವೂ ಸರಿಯಿದೆಯೇ ಎಂದು ನೋಡಿ ಹೇಳುತ್ತೇನೆ.